ಅತಿಥಿಗಳ ಮೀನು

ಅರ್ಧ ಬುಟ್ಟಿ ಬಂಗಡೆ ಕೊಯ್ಯುವಷ್ಟರಲ್ಲಿ ಹಾಸ್ಟೆಲಿನ ಗಡಿಯಾರ ಒಂಬತ್ತೂಮುಕ್ಕಾಲು ತೋರಿಸಿತು. ಹತ್ತಕ್ಕೆ ಬೆಳ್ಳಿಯ ಮೊದಲ ಬಿ.ಎ. ಪರೀಕ್ಷೆ. ಹಿರಿಯರೂ ಹುಡುಗಿಯರ ಜೊತೆಗಿದ್ದು ಓದಲಿ ಎಂದು ವಿಶ್ವವಿದ್ಯಾಲಯವೇ ಅವಳಿಗೆ ಕೋಣೆ ಕೊಟ್ಟಿತ್ತು. ಆ ಯೋಜನೆಯನ್ನು ನೋಡಲು ಬರುವ ಅತಿಥಿಗಳಿಗೇ ಈ ಮೀನು; ಕೊಯ್ಯಲು ವಾರ್ಡನ್ ಕೂರಿಸಿದ್ದು ಅವಳನ್ನೇ.

"ಇವತ್ ನಂಗೆ ಪರೀಕ್ಷೆ ಇತ್ತ್," ಎಂದಳು ಬೆಳ್ಳಿ.

"ಅದ್ ಬಪ್ಪ ವರ್ಷವೂ ಇರತ್ತ್ ಬೆಳ್ಳಕ್ಕ. ಅರವತ್ತರ ಮೇಲೆ ಪಾಸಾಯಿ ಎಂತ ಮಾಡೂದ್?" ವಾರ್ಡನ್ ಸರೋಜ ನಕ್ಕರು. ಬೆಳ್ಳಿಯ ಕೋಣೆಯ ಹುಡುಗಿ ಮೋಕ್ಷಿತಾ ಬಾಗಿಲಲ್ಲಿ ಇಣುಕಿದಳು. "ಓಡ್ ಹೆಣೆ ಮೋಕ್ಷಿತಾ, ಪರೀಕ್ಷೆಗ್ ಹೊತ್ತಾಯ್ತ್," ಎಂದು ಸರೋಜ ಅವಳನ್ನು ಮಾತ್ರ ಕಳಿಸಿದರು.

ವಾರ್ಡನ್ ಒಲೆಯತ್ತ ತಿರುಗಿದಾಗ ಬೆಳ್ಳಿ ಕಾಲಡಿ ಒತ್ತಿಹಿಡಿದಿದ್ದ ಮೆಟ್ಟುಕತ್ತಿ ಬಿಟ್ಟು ಎದ್ದಳು. ಮೀನು ಮುಟ್ಟಿದಾಗಲೆಲ್ಲ ಹುಣಸೆಹುಳಿ ತಿಕ್ಕಿ ಕೈತೊಳೆದೇ ತರಗತಿಗೆ ಹೋಗುತ್ತಿದ್ದವಳು ಇಂದು ಸೆರಗಿಗೆ ಒರೆಸಿಕೊಂಡು ಪೆನ್ನು ಎತ್ತಿಕೊಂಡಳು. ವಾಸನೆ ಉತ್ತರಪತ್ರಿಕೆಗೂ ಹತ್ತಲಿ ಎಂದುಕೊಂಡು, ಯಾರಿಗೂ ಹೇಳದೆ ಹಿಂಬಾಗಿಲು ದಾಟಿದಳು.