ಕಟ್ಟೆಯ ಕರಿ ಸಂದು

ಬ್ಯಾಗು ಇಳಿಸಿದ್ದೇ ವಿಶಾಲಾಕ್ಷಮ್ಮ ನೆಟ್ಟಗೆ ಕಿರಿಸೊಸೆಯ ಅಡುಗೆಮನೆಗೆ ನುಗ್ಗಿದರು. ಕಟ್ಟೆಯ ಟೈಲ್ಸ್ ಸಂದುಗಳಲ್ಲಿ ಜಿಡ್ಡು ಕಪ್ಪಗೆ ಕೂತಿತ್ತು. ಉಗುರಿನಲ್ಲಿ ಕೆರೆದು ಸೊಸೆಯ ಮೂಗಿನ ಮುಂದೆ ಹಿಡಿದರು.

"ಇದೇನೇ, ಅಡುಗೆಮನೇನೋ ಗ್ಯಾರೇಜೋ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?"

"ಎಷ್ಟು ಉಜ್ಜಿದ್ರೂ ಹೋಗಲ್ಲ ಅತ್ತೆ."

"ಉಜ್ಜೋಕೆ ರಟ್ಟೇಲಿ ಕಸುವಿರಬೇಕು. ಸರಿ ಅತ್ಲಾಗೆ! ಹೋದ ತಿಂಗಳು ನಿನ್ನ ಓರಗಿತ್ತಿಗೂ ನಾನೇ ಉಜ್ಜಿ ತೋರಿಸಬೇಕಾಯ್ತು. ಇಬ್ಬರೂ ಒಂದೇ, ದಂಡಪಿಂಡಗಳು!"

ಸೊಸೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿ, ಸೋಡಾಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಹಳೇ ಬ್ರಷ್ಷಿನಲ್ಲಿ ಒಂದೊಂದೇ ಸಂದನ್ನು ತಿಕ್ಕಿದರು. ಸೊಸೆಯ ತವರಿನವರನ್ನೆಲ್ಲ ಬೈದು ಮುಗಿಸುವ ಹೊತ್ತಿಗೆ ಕಟ್ಟೆ ಬೆಳ್ಳಗಾಯಿತು, ಅವರ ಸೊಂಟ ಬಿದ್ದುಹೋಯಿತು. ಇಂಥ ಕೈಲಾಗದವಳನ್ನು ಕಟ್ಟಿಕೊಂಡ ಮಗನ ಹಣೆಬರಹಕ್ಕೆ ಮರುಗುತ್ತ ಹಜಾರದ ದಿವಾನದ ಮೇಲೆ ಉರುಳಿದರು.

ಅತ್ತೆಗೆ ನಿದ್ದೆ ಹತ್ತಿತೆಂದುಕೊಂಡು ಸೊಸೆ ಬಾಲ್ಕನಿಯಿಂದ ಓರಗಿತ್ತಿಗೆ ಫೋನು ಮಾಡಿದಳು. ಆ ಪಿಸುದನಿ ಕಿಟಕಿಯಿಂದ ನೇರ ದಿವಾನಕ್ಕೇ ಕೇಳಿಸುತ್ತಿತ್ತು.

"ಅಕ್ಕಾ, ನೀವು ಹೇಳಿದ ಹಾಗೇ ಆಯ್ತು. ಬೈಕೊಂಡೇ ಕಟ್ಟೆ ಪೂರ್ತಿ ಉಜ್ಜಿಬಿಟ್ರು. ಬಚ್ಚಲುಮನೇನೂ ತಿಂಗಳಿಂದ ಮುಟ್ಟಿಲ್ಲ, ನಾಳೆ ತೋರಿಸ್ತೀನಿ."