ನಂಬರ್ ಅದೇ ಐತಿ

ಕೊಂಡಾಪುರದ ನಮ್ಮ ಆಫೀಸಿನ ಜನರೇಟರ್ ಡೀಸೆಲ್ ಹೊಗೆ ಉಗುಳಿದರೆ ಸಾಕು, ರೈಲ್ವೆ ಲೋಕೋ ಶೆಡ್ಡಿನ ಆ ಮಧ್ಯಾಹ್ನ ಇವತ್ತಿಗೂ ಮೂಗಿಗೆ ಬಡಿಯುತ್ತದೆ.

ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದ. ರೈಲು ಎಳೆಯುವ ಹಳೇ ಡೀಸೆಲ್ ಗಾಡಿಯೊಂದರ ಹೊಟ್ಟೆಯೊಳಗಿನ ಇಂಜಿನ್ ಮೇಲೆ ಉಳಿಯಿಂದ ನನ್ನ ಹೆಸರು ಕೆತ್ತಿದ್ದ. ‘ಇದು ಓಡೂತನಕ ನಿನ್ನ ಹೆಸರು ಊರೂರು ತಿರುಗತೈತಿ’ ಅಂದಿದ್ದ.

ಆಮೇಲೆ ಗಾಡಿ ತಿಂಗಳುಗಟ್ಟಲೆ ರಿಪೇರಿಗೆ ನಿಂತಿತು. ಅವತ್ತು ಹೊಸ ಬಣ್ಣ ಬಳಿದು ಹೊರಗೆ ತಂದಿದ್ದರು. ನಾನು ಹಟ ಹಿಡಿದು ಪಕ್ಕದ ಬಾಗಿಲು ತೆಗೆಸಿದೆ. ಒಳಗೆ ನನ್ನ ಹೆಸರಿರಲಿಲ್ಲ.

‘ನಂಬರ್ ಅದೇ ಐತಿ ನೋಡವ್ವಾ,’ ಅಂದ ಅಪ್ಪ, ಗಾಡಿಯ ಮೈಮೇಲೆ ಬರೆದ ಅಂಕಿ ತೋರಿಸಿ.

ಅವನ ಜೊತೆ ಕೆಲಸ ಮಾಡುತ್ತಿದ್ದ ಕಾಕಾ ನಕ್ಕ. ‘ಇಂಜಿನ್ ಬ್ಯಾರೆ ಕೂಡಿಸ್ಯಾರವಾ. ಹಳೇದನ್ನ ನಿಮ್ಮಪ್ಪನೇ ಗ್ಯಾಸ್ ಹಚ್ಚಿ ಗುಜರಿಗೆ ಕತ್ತರಿಸಿದ.’

ಅಪ್ಪ ಎಣ್ಣೆಗೈ ಒರೆಸಿಕೊಂಡು ಉಳಿ ತೆಗೆದ. ‘ಮತ್ತ ಬರೀಲೇನು?’

‘ಈ ಸಲ ನಿನ್ನ ಹೆಸರು ಬರ್ಕೋ,’ ಅಂದೆ.