ದೊಡ್ಡಪ್ಪನ ಟ್ರ್ಯಾಕ್ಟರ್

ಭಾನುವಾರ ಭಾನುವಾರ ಕೂತು ನಮ್ಮ ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮೊಮ್ಮಗಳು ಇವತ್ತು ಅದನ್ನು ಗುಡುಗಿಸಿಯೇ ಬಿಟ್ಟಳು ನೋಡಿ, ಹಿಗ್ಗು ತಡೆಯಲಾರದೆ ಅವಳ ಕೈ ಹಿಡಿದುಕೊಂಡೆ, ಡೀಸೆಲ್ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವನಿದ್ದಾಗ ಕೆರೆ ಏರಿ ಕುಸಿದು ಇದೇ ಟ್ರ್ಯಾಕ್ಟರ್ ಮಗುಚಿ, ದೊಡ್ಡಪ್ಪ ಅದರಡಿ ಸತ್ತಿದ್ದ. ಅಪ್ಪ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ. ಗೂಡು ಬೇಯಿಸುವ ಬಿಸಿನೀರಲ್ಲಿ ನೆಂದು ಮೆತ್ತಗಾದ ಬೆರಳಲ್ಲೇ ರಜೆಯ ದಿನ ಟ್ರ್ಯಾಕ್ಟರಿನ ನಟ್ಟು ಬಿಚ್ಚುತ್ತಿದ್ದ, ಚರ್ಮ ಸುಲಿಯುತ್ತಿತ್ತು.

"ಅಣ್ಣನ್ನ ತಿಂದ ಗಾಡಿ ಕಣ್ಲಾ ಅದು, ಗುಜರಿಗೆ ಹಾಕು," ಎಂದು ಅಜ್ಜಿ ಬೈಯುತ್ತಿದ್ದಳು.

"ಹೊಲ ಬೀಳು ಬಿದ್ದೈತಲ್ಲವ್ವ, ನೀನು ಎಳ್ದೀಯಾ ನೇಗ್ಲ?" ಎನ್ನುತ್ತಿದ್ದ ಅಪ್ಪ.

ಒಂದು ಮಧ್ಯಾಹ್ನ ಎಂಜಿನ್ ಕೆಮ್ಮಿ ಕೆಮ್ಮಿ ಶುರುವಾಯಿತು. ನಾನು ಕುಣಿದೆ. ಅಪ್ಪ ನಗುತ್ತಾ ಸೀಟಿನಲ್ಲಿ ಕೂತ. ಆಗ ದೊಡ್ಡಮ್ಮ ನೀರಿನ ಚೊಂಬು ಹಿಡಿದು ಒಳಗಿಂದ ಓಡಿಬಂದಳು. ದೊಡ್ಡಪ್ಪ ಹೊಲದಿಂದ ಬಂದಾಗಲೆಲ್ಲ ಹಾಗೆಯೇ ತರುತ್ತಿದ್ದಳು.

"ಕಾಲ್ ತೊಳ್ಕಂಡ್ ಬನ್ನಿ, ಮುದ್ದೆ ಆರೋಯ್ತದೆ," ಎಂದಳು.

ಅಪ್ಪ ಎಂಜಿನ್ ಆರಿಸಿದ. "ಅತ್ಗೆ, ನಾನು ಕಣವ್ವ," ಎಂದ.

ದೊಡ್ಡಮ್ಮ ಕೈಯಲ್ಲಿದ್ದ ಚೊಂಬನ್ನೇ ನೋಡಿದಳು. ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು ಒಳಗೆ ಹೋದಳು.

ಅಪ್ಪ ಮತ್ತೆಂದೂ ಆ ಸೀಟು ಹತ್ತಲಿಲ್ಲ. ಆ ವರ್ಷ ನಮ್ಮ ಹೊಲ ಉತ್ತಿದ್ದು ಬಾಡಿಗೆಯ ಎತ್ತು.